ಖೋತ್ಲಾಕ್ಕೆ ಬಂದ ಗಿನಿಕೋಳಿ

ಹುಬ್ಬಿನ ಮೇಲೆ ಕೂತಿರುವ ಬೆವರಿನ ಹನಿ ಇನ್ನೇನು ಇಳಿಯುತ್ತದೆ, ಇಳಿದರೆ ಎಡಗಣ್ಣಿಗೇ ಇಳಿಯುವುದು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲಿ, ಕೈ ಇರಬೇಕಾದಲ್ಲಿ ರೆಕ್ಕೆ, ರೆಕ್ಕೆಯೊಳಗೆ ಸ್ಪಂಜು, ಸ್ಪಂಜಿನ ಮೇಲೆ ಬೂದು ಬಟ್ಟೆ, ಬಟ್ಟೆಯ ತುಂಬ ಬಿಳಿ ಚುಕ್ಕೆ — ಇಳಿಯಿತು, ಉರಿಯಿತು. ಉರಿಯಲಿ. ಗಿನಿಕೋಳಿ ಕಣ್ಣುಜ್ಜಿಕೊಳ್ಳುವುದಿಲ್ಲ. ಗಿನಿಕೋಳಿ ಕೆಮ್ಮುವುದಿಲ್ಲ, ಸೀನುವುದಿಲ್ಲ, ನೀರು ಕೇಳುವುದಿಲ್ಲ, ಮಾತಂತೂ ಆಡುವುದೇ ಇಲ್ಲ, ಯಾರೆದುರಿಗೂ ತಲೆ ತೆಗೆಯುವುದಿಲ್ಲ, ನೆನಪಿಟ್ಕೋ ಮೊದಿರಿ, ಒಳಗೆ ಮನುಷ್ಯ ಇದ್ದಾನೆ ಅಂತ ಒಂದು ಸಲ ಗೊತ್ತಾಯ್ತೋ ಮುಗೀತು, ಆಮೇಲೆ ಅದು ಬರೀ ಬಟ್ಟೆ ಮೂಟೆ. ಹೇಳಿದವಳು ಬೊನೊಲೊ, ಕೌನ್ಸಿಲ್ಲಿನ ಕ್ರೀಡಾ ವಿಭಾಗದಲ್ಲಿ ನನ್ನ ಮೇಲಿನ ಅಧಿಕಾರಿ, ಬೊನೊಲೊ ಎಂದರೆ ನಮ್ಮ ಮಾತಿನಲ್ಲಿ ಮೃದು, ಹೆಸರಿಟ್ಟವರು ಮಗುವಿನ ಮುಖ ನೋಡದೆ ಇಟ್ಟಿರಬೇಕು. ಕೊಕ್ಕಿನ ಬಲೆಯಲ್ಲಿ ನೋಡಿದರೆ ಇಡೀ ದಿತ್ಲರೆಂಗ್ ಊರು ಜರಡಿ ಹಿಡಿದ ಹಾಗೆ ಕಾಣುತ್ತದೆ, ಎದುರಿಗೆ ಖೋತ್ಲಾ, ಊರಿನ ಪಂಚಾಯಿತಿ ಕೂರುವ ಜಾಗ, ಅರ್ಧ ಚಂದ್ರದ ಹಾಗೆ ನೆಟ್ಟ ಹಳೆಯ ಮರದ ಕಂಬಗಳು, ಕಂಬಗಳ ಆಚೆ ಜನ, ಈಚೆ ನಾನು ಮತ್ತು ಹಾಡು ಹೇಳಲು ತಂದ ಶಾಲೆಯ ಮಕ್ಕಳು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ಈ ಹಕ್ಕಿ. ದೊಡ್ಡ ಗಿನಿಕೋಳಿಗೆ ಬಣ್ಣವಿಲ್ಲ, ಬಣ್ಣವೆಲ್ಲ ಮರಿಗಳದ್ದು — ಹೆತ್ತವರ ಹೆಚ್ಚುಗಾರಿಕೆ ಮಕ್ಕಳಲ್ಲಿ ಕಾಣುತ್ತದೆ ಎಂದು ನಮ್ಮ ಹಿರಿಯರು ಹೇಳುವ ಗಾದೆ, ಅದನ್ನೇ ಎತ್ತಿ ಬ್ಯಾನರಿಗೆ ಹಾಕಿದರು, ಇಡೀ ಖಂಡದ ಕಿರಿಯರ ಕ್ರೀಡಾಕೂಟ ನಮ್ಮೂರಿಗೇ ಬರಲಿ, ನಿಮ್ಮ ಮರಿಗಳಿಗೆ ನಾವು ಬಣ್ಣ ಕೊಡುತ್ತೇವೆ. ಗಾದೆ ಅವರದ್ದು, ಬೆವರು ನನ್ನದು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಮಾತನ್ನೂ ಬ್ಯಾನರಿಗೆ ಹಾಕಿದ್ದರೆ ಪೂರ್ತಿಯಾಗುತ್ತಿತ್ತು.

ಬೆಳಿಗ್ಗೆಯಿಂದ ಇದೇ ಕುಣಿತ. ವಿಮಾನ ಇಳಿಯುವ ಬಯಲಿನಲ್ಲಿ ಕುಣಿದೆ, ಆಸ್ಪತ್ರೆಯ ಬಾಗಿಲಲ್ಲಿ ಕುಣಿದೆ, ಇನ್ನೂ ಚಾವಣಿಯೇ ಹಾಕದ ಹೋಟೆಲಿನ ಮುಂದೆ ಕುಣಿದೆ, ನಮ್ಮ ಊರನ್ನು ಪರೀಕ್ಷೆ ಮಾಡಲು ಬಂದ ತಂಡ ಬಸ್ಸಿನ ಕಿಟಕಿಯಿಂದ ನೋಡುತ್ತಿತ್ತು, ತಂಡಕ್ಕೆ ಯಜಮಾನಿ ಮದಾಮ್ ಫಾಯೆ, ಡಾಕಾರ್ ಕಡೆಯವಳು, ನನ್ನಷ್ಟೇ ಎತ್ತರ, ಏನನ್ನೂ ಬರೆದುಕೊಳ್ಳುವುದಿಲ್ಲ, ಸುಮ್ಮನೆ ನೋಡುತ್ತಾಳೆ, ಅದೇ ಬೊನೊಲೊಗೆ ಭಯ. ಬಸ್ಸು ಹೋಗುವ ರಸ್ತೆಗೆ ಮಾತ್ರ ಹೊಸ ಡಾಂಬರು, ಕಿಟಕಿಗೆ ಕಾಣುವ ಗೋಡೆಗೆ ಮಾತ್ರ ಹೊಸ ಸುಣ್ಣ, ಗೋಡೆಯ ಹಿಂದಿನ ಕತ್ತೆಗಳನ್ನು ಕೂಡ ಎರಡು ದಿನದ ಮಟ್ಟಿಗೆ ಹೊರಗೆ ಅಟ್ಟಿದ್ದಾರೆ. ನಗಬಾರದು, ನಾನು ನಗಬಾರದು, ಯಾಕೆಂದರೆ ನನಗೂ ಬೇಕು ಈ ಕೂಟ. ಹದಿನಾರರ ಹರೆಯದಲ್ಲಿ ಇಂಥದ್ದೇ ಒಂದು ಕೂಟಕ್ಕೆ ದೂರದ ಊರಿಗೆ ಓಡಲು ಹೋದವನು ನಾನು, ನಾನೂರು ಮೀಟರ್, ಹುಟ್ಟಿದಾಗಿನಿಂದ ದೂಳಿನಲ್ಲಿ ಓಡಿದವನು, ಕೆಂಪು ರಬ್ಬರಿನ ಓಟದ ಹಾದಿಯನ್ನು ಮೊದಲು ಕಂಡದ್ದೇ ಅಲ್ಲಿ, ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಹೆಜ್ಜೆಯಿಟ್ಟರೆ ನೆಲವೇ ಮೇಲಕ್ಕೆ ತಳ್ಳುತ್ತದೆ, ಹೆದರಿ ಕಾಲು ಎಡವಿ ಎಲ್ಲರಿಗಿಂತ ಕೊನೆಗೆ ಬಂದೆ. ಈಗ ಸಂಜೆ ಹೊತ್ತು ನಾನು ಓಡಿಸುವ ಹುಡುಗಿಯರು ಅದೇ ದೂಳಿನಲ್ಲಿ ಓಡುತ್ತಾರೆ, ಅವರು ಹಾಗೆ ಎಡವಬಾರದು. ಅದಕ್ಕೇ ಈ ಹಕ್ಕಿಯೊಳಗೆ ಹೊಕ್ಕೆ, ಕೂಟ ಸಿಕ್ಕರೆ ಹಾದಿ ಬರುತ್ತದೆ, ಹಾದಿ ಬಂದರೆ ನನ್ನ ದಿನಗೂಲಿಯ ಕೆಲಸ ಕಾಯಂ ಆಗುತ್ತದೆ, ಹೇಳಿದವಳು ಬೊನೊಲೊಳೇ. ಆದರೆ ನಮಗೆ ಪೈಪೋಟಿಗೆ ಬಿದ್ದ ಊರು ಸಮುದ್ರದ ದಂಡೆಯಲ್ಲಿದೆ, ಅಲ್ಲಿ ಈಜುಕೊಳವಿದೆ, ನಮ್ಮಲ್ಲಿ ಎಲ್ಲಿದೆ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಈಜುವುದು ಹೇಗೆಂದು ಯಾರಿಗೆ ಗೊತ್ತು, ಮದಾಮ್ ಫಾಯೆಯ ಕಚೇರಿಯಿಂದ ಪ್ರಶ್ನೆ ಬಂತು, ಈಜು ಎಲ್ಲಿ ನಡೆಸುತ್ತೀರಿ. ಅವತ್ತು ಮಧ್ಯಾಹ್ನವೇ ಕೌನ್ಸಿಲ್ಲಿನ ಸಭಾಂಗಣದಲ್ಲಿಟ್ಟಿದ್ದ ಊರಿನ ಪುಟ್ಟ ಮಾದರಿಯ ಮೇಲೆ, ಹಸಿರು ಪ್ಲಾಸ್ಟಿಕ್ ಮರಗಳ ಪಕ್ಕದಲ್ಲಿ, ಯಾರೋ ಒಂದು ನೀಲಿ ತುಂಡು ಅಂಟಿಸಿದರು. ನಾನು ಹೋಗಿ ಬಗ್ಗಿ ನೋಡಿದೆ. ಮಾರುಲಾ ಮರದ ತಿರುವು, ಬೋರ್‌ವೆಲ್, ಅಲ್ಲಿಂದ ಬಲಕ್ಕೆ — ನೀಲಿ ಬಿದ್ದದ್ದು ನನ್ನನ್ನು ಸಾಕಿದ ಅತ್ತೆಯ ಅಂಗಳದ ಮೇಲೆ.

ಅತ್ತೆ ಅಗೋ ಕೂತಿದ್ದಾಳೆ. ಕಂಬಗಳ ಸಂದಿಯಲ್ಲಿ ಕಾಣುತ್ತಾಳೆ, ಹೆಂಗಸರ ಕಡೆ, ಚಾಪೆಯ ಅಂಚಿನಲ್ಲಿ, ಕಾಲು ನೀಡಿಕೊಂಡು, ನೀಲಿ ಅಚ್ಚಿನ ಲಂಗ, ಹೆಗಲ ಮೇಲೆ ಶಾಲು, ಈ ಅಕ್ಟೋಬರಿನ ಸೆಕೆಯಲ್ಲೂ ಶಾಲು, ಖೋತ್ಲಾಕ್ಕೆ ಬರುವ ಹೆಂಗಸು ಹೆಗಲು ಮುಚ್ಚಿರಬೇಕು, ತಲೆಗೆ ವಸ್ತ್ರ ಕಟ್ಟಿರಬೇಕು, ಅವಳು ಕಟ್ಟುನಿಟ್ಟು. ಅವಳು ನನ್ನನ್ನು ಹುಡುಕುತ್ತಿದ್ದಾಳೆ. ಅಯ್ಯೋ. ಕೋಟು ಹಾಕಿದವರ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತಾಳೆ, ಮತ್ತೆ ಮೊದಲಿಂದ ನೋಡುತ್ತಾಳೆ, ಬೆಳಿಗ್ಗೆ ನನ್ನ ಕೋಟಿಗೆ ಇಸ್ತ್ರಿ ಹಾಕಿ ಕೊಟ್ಟವಳು ಅವಳೇ, ಕೆಂಡದ ಇಸ್ತ್ರಿಪೆಟ್ಟಿಗೆ, ಕಾಲರನ್ನು ಎರಡು ಸಲ ತಿಕ್ಕಿದಳು, ಆ ಕೋಟು ಈಗ ಬಸ್ಸಿನ ಸೀಟಿನ ಕೆಳಗೆ ಮುದುರಿ ಬಿದ್ದಿದೆ. ನಾನು ಏನು ಕೆಲಸ ಮಾಡುತ್ತೇನೆಂದು ಅವಳಿಗೆ ಹೇಳಿದ್ದೇನೆ, ಕ್ರೀಡಾ ವಿಭಾಗ ಎಂದು ಹೇಳಿದ್ದೇನೆ, ಸುಳ್ಳೇನಲ್ಲ, ಹಕ್ಕಿ ಎಂದು ಮಾತ್ರ ಹೇಳಿಲ್ಲ, ಮೂವತ್ತು ದಾಟಿದ ಗಂಡಸು ಬಾಲ ಅಲ್ಲಾಡಿಸಿ ಕುಣಿಯುತ್ತಾನೆಂದು ಸಾಕಿದವಳ ಮುಂದೆ ಹೇಗೆ ಹೇಳುವುದು. ಮನೆ ಬಿಡಬೇಕು ಎಂಬ ಸುದ್ದಿ ಬಂದ ದಿನ ಬೊನೊಲೊ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು, ನಿಮ್ಮತ್ತೆ ಬಾಯಿ ಬಿಡದ ಹಾಗೆ ನೋಡ್ಕೋ, ಆ ಸಮುದ್ರದ ಊರಲ್ಲಿ ಜನ ಬೇಡ ಅಂತ ಬೀದಿಗಿಳಿದು ಕೆಡಿಸಿಕೊಂಡ್ರು, ನಮ್ಮೂರಲ್ಲಿ ಒಬ್ಬರೂ ಬೇಡ ಅನ್ನಬಾರದು. ಸಂಜೆ ಮನೆಗೆ ಹೋದರೆ ಅತ್ತೆ ಹುಳಿ ಅಂಬಲಿ ಬಡಿಸುತ್ತ ತಾನಾಗಿಯೇ ಹೇಳಿದಳು, ನಾನ್ಯಾಕಪ್ಪ ಮಾತಾಡ್ಲಿ, ಮನೇಲಿ ಗಂಡಸು ಇದ್ದಾನಲ್ಲ, ಕೌನ್ಸಿಲ್ಲಿನವನು ಬೇರೆ, ನೀನೇ ಮಾತಾಡ್ತೀಯ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಅಂಬಲಿ ಕುಡಿದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವತ್ತಿನಿಂದ ಓಡಾಡುತ್ತಿದ್ದೇನೆ, ಉಗುಳಲಾರೆ, ನುಂಗಲಾರೆ. ಊರವರು ಅವಳನ್ನು ಕರೆಯುವುದು ಮ್ಮಾಮೊದಿರಿ ಎಂದು, ಮೊದಿರಿಯ ತಾಯಿ ಎಂದು, ತಾಯಿಯಲ್ಲ, ಅಪ್ಪನ ತಂಗಿ, ಅಪ್ಪ ಗಣಿಯಿಂದ ಪೆಟ್ಟಿಗೆಯಲ್ಲಿ ಬಂದ, ಅಮ್ಮ ಹೊರಟವಳು ಹೊರಟೇಹೋದಳು, ಏಳು ವರ್ಷದವನನ್ನು ಅತ್ತೆ ಎತ್ತಿಕೊಂಡಳು, ಮಕ್ಕಳಾಗಲಿಲ್ಲವೆಂದು ಅವಳ ಗಂಡ ಆಗಲೇ ಬಿಟ್ಟು ಹೋಗಿದ್ದ. ಮಕ್ಕಳಾಗಲಿಲ್ಲ ಎನ್ನುವುದು ಊರಿನ ಮಾತು. ಒಂದು ದಿನ ನಾನು ಚೆಂಡಾಟಕ್ಕೆ ಗೋಲು ಕಂಬ ನೆಡಬೇಕೆಂದು ಅಡಿಗೆಮನೆಯ ಗೋಡೆಯ ಬುಡದಲ್ಲಿ ಅಂಗಳ ಅಗೆಯುತ್ತಿದ್ದೆ, ಒಂದೇಟಿಗೂ ಕೈಯೆತ್ತದಿದ್ದ ಅತ್ತೆ ಎಲ್ಲಿಂದಲೋ ಓಡಿ ಬಂದು ಕೆನ್ನೆಗೆ ಹೊಡೆದಳು, ಹೊಡೆದು, ನನ್ನ ಕಡೆ ನೋಡದೆ, ಸಗಣಿ ಕೆಮ್ಮಣ್ಣು ಕಲಸಿ ತಂದು ಕೂತು ಆ ಜಾಗವನ್ನು ಸಾರಿಸಿದಳು, ಇಡೀ ಅಂಗಳವನ್ನಲ್ಲ, ಅದೊಂದೇ ಜಾಗ, ಒದ್ದೆ ಅಂಗೈ ಹೋಗಿ ಬಂತು, ಹೋಗಿ ಬಂತು, ಹೊತ್ತು ಮುಳುಗಿದರೂ ಅಂಗೈ ನಿಲ್ಲಲಿಲ್ಲ. ಪಕ್ಕದ ಮನೆಯ ಮುದುಕಿ ನನ್ನ ಕಣ್ಣೊರೆಸಿ ಪಿಸುಗುಟ್ಟಿದಳು, ಅಲ್ಲಿ ಅಗೀಬಾರ್ದು ಮಗಾ, ಅಲ್ಲಿ ನಿಮ್ಮತ್ತೆಯ ಗಂಡುಮಗು ಇದೆ, ನಿನಗಿಂತ ಮೊದಲು ಉಸಿರಾಡದೆ ಹುಟ್ಟಿದ್ದು, ಹಾಗೆ ಹುಟ್ಟಿದವನ್ನ ಊರಾಚೆ ಇಡಲ್ಲ, ತಾಯಿ ಓಡಾಡೋ ನೆಲದಲ್ಲೇ ಇಡ್ತಾರೆ, ನಿಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗ್ಬಾರ್ದು. ಗೊತ್ತಾಗಲಿಲ್ಲ. ಇಷ್ಟು ವರ್ಷ ಒಂದೇ ಅಂಗಳದಲ್ಲಿ ಉಂಡು ಮಲಗಿದ್ದೇವೆ, ಅವಳು ಹೇಳಿಲ್ಲ, ನಾನು ಕೇಳಿಲ್ಲ, ವಾರಕ್ಕೊಮ್ಮೆ ಅಂಗಳ ಸಾರಿಸುವಾಗ ಅವಳು ಮೊದಲು ಕೂರುವುದು ಅಲ್ಲಿಯೇ.

ಪುಲಾ ಎಂದು ಕೂಗಿದರು, ಮಳೆ ಬರಲಿ ಎಂದು, ಸಭೆ ಶುರುವಾಯಿತು. ಖೋಸಿ, ನಮ್ಮೂರ ಒಡೆಯ, ತನ್ನ ಮರದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದಾನೆ, ಕಣ್ಣು ಮುಚ್ಚಿದಂತಿದೆ, ಮುಚ್ಚಿಲ್ಲ, ಇಂಥವನ ಎದುರು ನಿದ್ದೆ ಎಂದು ತಿಳಿದು ಮಾತಾಡಿದವರೆಲ್ಲ ಕೆಟ್ಟಿದ್ದಾರೆ. ಬಂದವರಿಗೆ ಒಂದು ಎತ್ತು ಕೊಡಬೇಕೆಂದು ಅವನ ಆಸೆಯಿತ್ತು, ಪರೀಕ್ಷೆಗೆ ಬಂದವರು ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ಬೊನೊಲೊ ಕೈ ಮುಗಿದಳು, ಬರಿಗೈಲಿ ಕಳಿಸಿದ್ರೆ ಊರಿಗೆ ಹೆಸರು ಬರ್ತದಾ ತಾಯೀ, ಆಯ್ತು ಬಿಡು, ಕೊಡಬಾರದಲ್ವಾ, ತಿನ್ನಬಹುದಲ್ಲ, ಎಂದು ಬೆಳಿಗ್ಗೆಯೇ ಕಡಿಸಿದ್ದಾನೆ, ಕಂಬಗಳ ಹಿಂದೆ ಗಂಡಸರು ಮೂರು ಕಾಲಿನ ಹಂಡೆಗಳಲ್ಲಿ ಮಾಂಸ ಬೇಯಿಸುತ್ತಿದ್ದಾರೆ, ಬೆಂದ ಮೇಲೆ ಕುಟ್ಟಿ ಸೆಸ್ವಾ ಮಾಡುತ್ತಾರೆ, ಆ ಹೊಗೆ ನೇರ ನನ್ನ ಕೊಕ್ಕಿನೊಳಕ್ಕೇ ಬರುತ್ತಿದೆ, ಹೊಟ್ಟೆ ಒಂದು ಕಡೆ ಕೂಗುತ್ತದೆ, ತಲೆ ತಿರುಗುತ್ತದೆ, ತಲೆ ತೆಗೆದರೆ ಗಾಳಿ ಸಿಗುತ್ತದೆ, ತಲೆಯ ಕೊಂಡಿಗಳು ಬೆನ್ನ ಮೇಲೆ, ಇನ್ನೊಬ್ಬರು ಬಿಚ್ಚದೆ ಬಿಚ್ಚಲಾರದಂತೆ ಹೊಲಿದಿದ್ದಾರೆ. ಬೊನೊಲೊ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು, ಮಕ್ಕಳ ಹೆಸರು ಹೇಳಿದಳು, ನಾನು ಓಡಿಸುವ ಹುಡುಗಿಯರ ಹೆಸರನ್ನೂ ಬಿಡಲಿಲ್ಲ. ಮದಾಮ್ ಫಾಯೆ ಎದ್ದು ನಿಂತು ಒಂದೇ ಮಾತು ಕೇಳಿದಳು, ಪಕ್ಕದವನು ನಮ್ಮ ಮಾತಿಗೆ ತಿರುಗಿಸಿ ಹೇಳಿದ, ಇದು ನಿಮಗೆ ಬೇಕಾ. ಖೋಸಿ ಕಣ್ಣು ಬಿಟ್ಟ. ಇಲ್ಲಿ ಹೂಂ ಅನ್ಸೋಕೆ ಯಾರನ್ನೂ ಕೂರಿಸಿಲ್ಲಮ್ಮ, ಖೋತ್ಲಾದಲ್ಲಿ ಆಡಿದ ಮಾತೆಲ್ಲ ಒಳ್ಳೇ ಮಾತೇ, ತಪ್ಪು ಮಾತಾಡೋನಿಗೂ ಇಲ್ಲಿ ಜಾಗ ಇದೆ, ಮಾತಾಡೋರು ಮಾತಾಡ್ಲಿ, ಕೊನೇಲಿ ನಾನು. ಬೊನೊಲೊಳ ನಗು ಹಾಗೇ ಇತ್ತು, ಕುತ್ತಿಗೆ ಮಾತ್ರ ಬಿಗಿಯಿತು, ಅವಳ ಲೆಕ್ಕದಲ್ಲಿ ಇಲ್ಲಿ ಚಪ್ಪಾಳೆಯಿತ್ತು, ಅವಳೂ ಇದೇ ಊರವಳು, ಖೋತ್ಲಾ ಎಂದರೆ ಏನೆಂದು ಗೊತ್ತಿಲ್ಲದವಳಲ್ಲ, ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತಳು. ಒಬ್ಬ ಮುದುಕ ಎದ್ದು ಈಜುಕೊಳಕ್ಕೆ ನೀರೆಲ್ಲಿಂದ ಎಂದ, ಬರೋ ಮಕ್ಕಳು ಕುಡಿದು ಮುಗಿಸಿದ ಮೇಲೆ ಉಳಿದದ್ದರಲ್ಲಿ ಈಜ್ತಾರಾ, ಎಲ್ಲರೂ ನಕ್ಕರು, ಮದಾಮ್ ಫಾಯೆ ಕೂಡ. ಇನ್ನೊಬ್ಬ ಕೂಟ ಬರಲಿ, ನನ್ನ ಮೊಮ್ಮಗ ಎತ್ತರ ಜಿಗಿಯುತ್ತಾನೆ ಎಂದ. ಪಕ್ಕದ ಹೆಂಗಸು ಮೊಣಕೈಯಲ್ಲಿ ಅತ್ತೆಯನ್ನು ತಿವಿಯುವುದು ಬಲೆಯಲ್ಲಿ ಕಾಣುತ್ತದೆ, ಬೇಡ ಅತ್ತೆ, ಏಳಬೇಡ, ಎದ್ದಳು, ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದಳು. ನಮ್ಮನೇದೂ ಒಂದು ಮಾತಿದೆ ಒಡೆಯಾ, ಅದನ್ನ ನಾನು ಆಡಲ್ಲ, ನನ್ನ ಹುಡುಗ ಆಡ್ತಾನೆ, ಕೌನ್ಸಿಲ್ಲಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಬೆಳಿಗ್ಗೆನೇ ಬಂದಿದ್ದಾನೆ. ಮೊದಿರಿ, ಎಲ್ಲಿದ್ದೀಯಪ್ಪಾ.

ಎಲ್ಲಿದ್ದೇನೆ. ಇಲ್ಲೇ ಇದ್ದೇನೆ, ಅತ್ತೆ, ಕಂಬದ ಆಚೆ, ನೀನು ಈಗ ತಾನೇ ನೋಡಿ ಮುಂದಕ್ಕೆ ಹೋದೆಯಲ್ಲ ಆ ಚುಕ್ಕೆಯ ಹಕ್ಕಿ, ಅದರೊಳಗೆ ಇದ್ದೇನೆ, ಬಾಯಿದೆ, ಮಾತಿಲ್ಲ. ಕೋಟಿನವರೆಲ್ಲ ಕತ್ತು ತಿರುಗಿಸಿ ತಮ್ಮ ತಮ್ಮೊಳಗೆ ಹುಡುಕಿದರು, ಗುಮಾಸ್ತನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಅವನಿಗೆ ಗೊತ್ತು, ಅವರಿಗೆಲ್ಲ ಗೊತ್ತು. ಅತ್ತೆ ನಿಂತೇ ಇದ್ದಾಳೆ. ನಿನ್ನ ಹುಡುಗ ಬಂದ ಹಾಗಿಲ್ಲವಲ್ಲ ಮ್ಮಾಮೊದಿರಿ, ಕೂತ್ಕೋ, ಬಂದಾಗ ಆಡ್ಲಿ, ಎಂದು ಖೋಸಿ ಮೆತ್ತಗೆ ಹೇಳಿದ, ಬಂದಿದ್ದಾನೆ ಒಡೆಯಾ, ನಾನೇ ಇಸ್ತ್ರಿ ಹಾಕಿ ಕಳಿಸಿದ್ದು, ಎಂದಳು ಅತ್ತೆ, ಯಾರೋ ಕಿಸಕ್ಕೆಂದರು, ಅವಳು ಕೂತಳು. ಅವಳು ಕೂತ ರೀತಿ. ತಲೆ ಬಗ್ಗಿಸಿ, ಶಾಲಿನ ಅಂಚು ಸರಿಮಾಡಿಕೊಂಡು, ಯಾರದ್ದೋ ಮನೆಗೆ ಕರೆಯದೆ ಬಂದವಳ ಹಾಗೆ. ನಾನು ಕೂಗಬಹುದಿತ್ತು. ಆಗ ಕೂಗಬಹುದಿತ್ತು, ಕೂಗಲಿಲ್ಲ, ಹುಡುಗಿಯರು, ಕೆಂಪು ಹಾದಿ, ಕಾಯಂ ಕೆಲಸ, ಅತ್ತ ದರಿ ಇತ್ತ ಪುಲಿ, ನಡುವೆ ಸ್ಪಂಜು. ಸಭೆಯ ಬಿಗಿ ಬಿಡಿಸಬೇಕೆಂದು ಬೊನೊಲೊ ಕೈ ತಟ್ಟಿದಳು, ಮಕ್ಕಳೇ ಬನ್ನಿ, ನಮ್ಮ ಗಿನಿಕೋಳಿ ಬರಲಿ, ಡೋಲು ಶುರುವಾಯಿತು, ಮಕ್ಕಳು ನನ್ನ ರೆಕ್ಕೆ ಹಿಡಿದು ಎಳೆದರು, ಕಾಲು ತಾನಾಗಿಯೇ ಕುಣಿಯತೊಡಗಿತು, ಬೆಳಿಗ್ಗೆಯಿಂದ ಕುಣಿದ ಕಾಲಿಗೆ ಬೇರೆ ಗೊತ್ತಿಲ್ಲ, ಕಂಬಗಳನ್ನು ದಾಟಿ ಒಳಗೆ ಬಂದೆ, ಅತ್ತೆಯ ಎದುರಿಗೇ ಬಾಲ ಅಲ್ಲಾಡಿಸಿದೆ. ನಿಲ್ಲಿ, ಎಂದು ಯಾರೋ ಕೋಲು ನೆಲಕ್ಕೆ ಕುಟ್ಟಿದರು. ಖೋಸಿಯ ಪಕ್ಕದಲ್ಲಿ ಕೂರುವ ಹಿರಿಯ, ಒಂದು ಕಣ್ಣಿಗೆ ಪೊರೆ ಬಂದವನು, ಇನ್ನೊಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಾನೆ. ಖೋತ್ಲಾದಲ್ಲಿ ಒಬ್ಬ ಗಂಡಸು ತಲೆ ಮುಚ್ಚಿಕೊಂಡು ನಿಂತಿದ್ದಾನೆ, ಎಂದ. ಡೋಲು ನಿಂತಿತು. ಸುತ್ತ ನೋಡುತ್ತೇನೆ, ಗಂಡಸರೆಲ್ಲ ಬರಿದಲೆ, ಟೋಪಿಗಳು ಮೊಣಕಾಲ ಮೇಲೆ, ನಮ್ಮಪ್ಪನ ಕಾಲದಿಂದ, ಅವರಪ್ಪನ ಕಾಲದಿಂದ, ಇಲ್ಲಿ ಕಾಲಿಟ್ಟ ಗಂಡಸು ತಲೆ ಮುಚ್ಚುವಂತಿಲ್ಲ, ಮಂತ್ರಿ ಬಂದರೂ ತೆಗೆಯಬೇಕು, ತಿಂಗಳುಗಟ್ಟಲೆ ಕೂತು ಈ ದಿನದ ಕಾರ್ಯಕ್ರಮ ಬರೆದ ಒಬ್ಬರಿಗೂ ಹೊಳೆಯಲಿಲ್ಲ, ಎಲ್ಲರೂ ಹಕ್ಕಿಯೆಂದೇ ತಿಳಿದರು, ಹಕ್ಕಿಯೊಳಗೊಂದು ತಲೆಯಿದೆ ಎಂದು ಯಾರು ನೆನೆದರು, ನಾನೇ ನೆನೆಯಲಿಲ್ಲ. ಅದು ಗಂಡಸಲ್ಲ, ಒಡೆಯರೇ, ಅದು ಕೂಟದ ಗುರುತು, ಅದರ ತಲೆ ಜನರೆದುರಿಗೆ ತೆಗೆಯೋ ಹಾಗಿಲ್ಲ, ಮಕ್ಕಳಿದ್ದಾರೆ, ಎಂದು ಬೊನೊಲೊ ತೊದಲಿದಳು. ಖೋಸಿ ಗಲ್ಲ ತುರಿಸಿಕೊಂಡ. ಹಂಗಾದ್ರೆ ಒಂದು ತೀರ್ಮಾನ ಮಾಡೋಣ. ಹಕ್ಕಿಯಾದ್ರೆ ಹಂಡೆ ಹತ್ರ ಕರ್ಕೊಂಡು ಹೋಗ್ರಪ್ಪ, ನೀರು ಕಾದಿದೆ. ಮನುಷ್ಯನಾದ್ರೆ ತಲೆ ತೆಗೀಲಿ. ನಗು ಎದ್ದಿತು, ಮುದುಕಿಯರು ಚಾಪೆ ಬಡಿದು ನಕ್ಕರು, ನಗುವಿನ ನಡುವೆ ಬೊನೊಲೊ ನನ್ನ ಕೊಕ್ಕಿನ ಹತ್ತಿರ ಬಂದಳು, ತುಟಿ ಅಲ್ಲಾಡಿಸದೆ ಹೇಳಿದಳು, ಬಸ್ಸಿಗೆ ಹೋಗು, ಮೊದಿರಿ, ಕುಣೀತಾ ಹೋಗು, ಏನೂ ಆಗಿಲ್ಲ ಅನ್ನೋ ಹಾಗೆ ಹೋಗು, ನಿನ್ನ ಹುಡುಗಿಯರನ್ನ ನೆನೆಸ್ಕೋ.

ನೆನೆಸಿಕೊಂಡೆ. ನೆನೆಸಿಕೊಂಡೇ ತಿರುಗಿದೆ, ಬಸ್ಸು ಕಾಣುತ್ತದೆ, ಬಿಳಿ ಬಸ್ಸು, ಅದರ ಬಾಗಿಲು ತೆರೆದಿದೆ, ಒಳಗೆ ಗಾಳಿ ತಣ್ಣಗಿರುತ್ತದೆ, ಸೀಟಿನ ಕೆಳಗೆ ಕೋಟಿದೆ, ಹಾಕಿಕೊಂಡು ಸಂಜೆ ಮನೆಗೆ ಹೋದರೆ, ಎಲ್ಲಿದ್ದೆ ಎಂದರೆ, ಬೇರೆ ಕೆಲಸಕ್ಕೆ ಕಳಿಸಿದ್ದರು ಅತ್ತೆ ಎಂದರೆ, ನಂಬುತ್ತಾಳೆ, ಅವಳು ನಂಬುತ್ತಾಳೆ ಎನ್ನುವುದೇ ಸಂಕಟ, ಅಂಬಲಿ ಬಡಿಸುತ್ತಾಳೆ, ಮುಂದಿನ ಮಳೆಗೆ ಮೊದಲು ಯಂತ್ರ ಬರುತ್ತದೆ, ಹಳದಿ ಯಂತ್ರ, ಹಲ್ಲಿನ ಬಕೆಟ್ಟು, ಈಜುಕೊಳವೆಂದರೆ ಮನೆ ಕೆಡವಿ ಸುಮ್ಮನಾಗುವುದಿಲ್ಲ, ಆಳಕ್ಕೆ ಅಗೆಯುತ್ತಾರೆ, ಅಡಿಗೆಮನೆಯ ಗೋಡೆಯ ಬುಡದಿಂದಲೇ ಅಗೆಯುತ್ತಾರೆ, ಡ್ರೈವರನಿಗೆ ಏನು ಗೊತ್ತು, ಮಣ್ಣಿನ ಜೊತೆ ಮಣ್ಣು ಎಂದು ಲಾರಿಗೆ ಸುರಿಯುತ್ತಾನೆ, ಅವಳು ಬೇಲಿಯ ಹೊರಗೆ ನಿಂತು ನೋಡುತ್ತಾಳೆ, ಆಗಲೂ ಹೇಳುವುದಿಲ್ಲ. ಕಾಲು ಬಸ್ಸಿನ ಕಡೆ ಹೋಗುತ್ತಿಲ್ಲ. ಹೆಂಗಸರ ಕಡೆ ಹೋಗುತ್ತಿದೆ, ಚಾಪೆಗಳ ನಡುವೆ, ಹೆಂಗಸರು ಕಾಲು ಮಡಚಿ ದಾರಿ ಬಿಡುತ್ತ ಬೈಯುತ್ತಾರೆ, ಕಣ್ಣು ಕಾಣ್ಸಲ್ವೇನೋ ಕೋಳಿ, ಬಲೆಯ ತೂತುಗಳಲ್ಲಿ ನೀಲಿ ಅಚ್ಚು ದೊಡ್ಡದಾಗುತ್ತದೆ, ಅತ್ತೆ ಹಿಂದಕ್ಕೆ ಸರಿಯುತ್ತಾಳೆ, ಹೆದರಿದ್ದಾಳೆ, ನಾನು ಅವಳೆದುರಿಗೆ ಮಂಡಿಯೂರಿದೆ, ತಿರುಗಿದೆ, ಬೆನ್ನು ಕೊಟ್ಟೆ. ಬೆನ್ನು ಕೊಟ್ಟು ಕೂತೆ. ಮಾತಾಡಬಾರದೆಂಬುದು ಇನ್ನೂ ತಲೆಯಲ್ಲಿತ್ತೋ ಏನೋ, ನಾಲಿಗೆ ಏಳಲಿಲ್ಲ, ಸುಮ್ಮನೆ ಕೂತೆ, ಶಾಲೆಗೆ ಹೋಗುವ ಮುನ್ನ ಅಂಗಿಯ ಹಿಂದಿನ ಗುಂಡಿ ಹಾಕಿಸಿಕೊಳ್ಳಲು ಕೂರುತ್ತಿದ್ದ ಹಾಗೆ. ಯಾರೂ ನಗುತ್ತಿಲ್ಲ. ಆಮೇಲೆ ಒಂದು ಬೆರಳು ಕೊಂಡಿ ಹುಡುಕಿತು. ಒಂದು ಬಿಚ್ಚಿತು, ಎರಡನೆಯದು ಬಿಚ್ಚಿತು, ಕೆಳಗಿನದು ಸಿಕ್ಕಿಕೊಂಡಿತು, ಜಗ್ಗಿದಳು, ಗಾಳಿ ಬಂತು, ದೇವರೇ ಎಂಥ ಗಾಳಿ, ಹೊಗೆ ತುಂಬಿದ ಗಾಳಿ, ಬೆಳಕು ಒಮ್ಮೆಲೇ ತೂತಿಲ್ಲದ ಬೆಳಕು, ಒಂದು ಮಗು ಕಿಟಾರನೆ ಕಿರುಚಿತು, ಹಕ್ಕಿಯ ತಲೆ ಉರುಳಿ ಯಾರದ್ದೋ ಚಾಪೆಯ ಮೇಲೆ ಬಿತ್ತು. ನಾನು ಬರಿದಲೆಯಲ್ಲಿ ಎದ್ದು ನಿಂತೆ.

ಮನುಷ್ಯನೇ, ಎಂದ ಖೋಸಿ. ಹಾಗಿದ್ರೆ ಮಾತಾಡು. ಬೊನೊಲೊ ಕಣ್ಣು ಮುಚ್ಚಿಕೊಂಡಿದ್ದಾಳೆ, ಮದಾಮ್ ಫಾಯೆ ಪಕ್ಕದವನನ್ನು ಏನೋ ಕೇಳುತ್ತಿದ್ದಾಳೆ, ಕ್ಯಾಮೆರಾದವನು ಓಡಿ ಬರುತ್ತಿದ್ದಾನೆ, ನಾನು ಅತ್ತೆಯ ಕಡೆ ತಿರುಗಿ ನೋಡಲಾರೆ, ಅವಳ ಹುಡುಗ, ದೊಡ್ಡ ಕೆಲಸದವನು, ಕುತ್ತಿಗೆಯ ಕೆಳಗೆ ಕೋಳಿ. ಮಾತಾಡು ಎಂದರೆ ಏನು ಮಾತಾಡಲಿ. ತಲೆ ತೆಗೆದರೆ ಬಿಡುಗಡೆಯೆಂದುಕೊಂಡಿದ್ದೆ, ಎಲ್ಲಿ, ಇದು ಇನ್ನೂ ಇಕ್ಕಟ್ಟು. ಮನೆ ಬಿಡೆವು ಎಂದರೆ ಬೇರೆ ಕಡೆ ಜಾಗ ಕೊಡುತ್ತೇವೆ ಎನ್ನುತ್ತಾರೆ, ಹಳೇ ಮನೆ ಎಂದರೆ ಹೊಸದು ಕಟ್ಟಿಕೊಡುತ್ತೇವೆ ಎನ್ನುತ್ತಾರೆ, ಎಲ್ಲದಕ್ಕೂ ಅವರಲ್ಲಿ ಉತ್ತರವಿದೆ, ಒಂದಕ್ಕೆ ಮಾತ್ರ ಇಲ್ಲ, ಆ ಒಂದು ನನ್ನ ಮಾತಲ್ಲ, ಅವಳದ್ದು, ಗಂಡ ಬಿಟ್ಟು ಹೋಗುವಾಗಲೂ ಅವಳು ಬಾಯಿಬಿಡದ ಮಾತು, ಬಂಜೆ ಎಂದಾಗಲೂ ಆಡದ ಮಾತು, ಅದನ್ನು ಇಷ್ಟು ಜನರ ಮುಂದೆ, ಪರದೇಶದವರ ಮುಂದೆ, ನಾನು ಅಗೆಯಬೇಕು, ಯಂತ್ರ ಅಗೆಯಬಾರದೆಂದರೆ ನಾನು ಅಗೆಯಬೇಕು. ನೋಡದೆ ಇರಲಾಗಲಿಲ್ಲ. ನೋಡಿದೆ. ಅತ್ತೆ ಕೋಪದಲ್ಲಿಲ್ಲ, ನಾಚಿಕೆಯಲ್ಲೂ ಇಲ್ಲ, ನನ್ನ ಹಣೆಯ ಬೆವರನ್ನು ನೋಡುತ್ತಿದ್ದಾಳೆ, ಒರೆಸಬೇಕು ಎನ್ನುವಂತೆ. ಬಾಯಿ ತೆರೆದೆ. ನಾನು ಓಡಿದವನು ಒಡೆಯಾ, ಎಂದೆ, ಹಾದಿ ನನಗೂ ಬೇಕು, ಕೂಟ ಬರ್ಲಿ, ಬರಬೇಡ ಅನ್ನಲ್ಲ. ಬೊನೊಲೊ ಕಣ್ಣು ಬಿಟ್ಟಳು. ಆದ್ರೆ ನಮ್ಮ ಅಂಗಳ ಅಗೀಬೇಡಿ. ಅಡಿಗೆಮನೆ ಗೋಡೆ ಹತ್ರ ನಮ್ಮಣ್ಣ ಮಲಗಿದ್ದಾನೆ.

ಅಣ್ಣ ಎಂದೆನೇ. ಅತ್ತೆಯ ಮಗ ಅಣ್ಣ ಹೇಗಾದಾನು, ನಮ್ಮಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಅಣ್ಣನಾಗಬೇಕಾದರೆ ಒಬ್ಬಳೇ ಹೆತ್ತಿರಬೇಕು, ಹೆಂಗಸರ ಕಡೆ ಮುದುಕಿಯೊಬ್ಬಳು ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು, ಪೊರೆಗಣ್ಣಿನ ಹಿರಿಯ ಕೋಲು ಕೆಳಗಿಟ್ಟ, ಖೋಸಿ ಏನೋ ಕೇಳುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ, ನನಗೆ ಕೇಳಿಸುತ್ತಿಲ್ಲ, ಕೊನೆಯ ಮಾತು ಅವನದ್ದು, ಅದೇನಾಗುತ್ತದೋ, ಹಾದಿ ಹೋಯಿತೋ, ಕೆಲಸ ಹೋಯಿತೋ, ಹುಡುಗಿಯರಿಗೆ ನಾಳೆ ಏನು ಹೇಳಲಿ, ನಾಳೆ, ನಾಳೆ — ಅತ್ತೆ ನನ್ನನ್ನು ನೋಡುತ್ತಿಲ್ಲ ಈಗ. ತಲೆ ಬಗ್ಗಿಸಿದ್ದಾಳೆ. ಚಾಪೆಯ ಅಂಚು ಸರಿಸಿದ್ದಾಳೆ. ಖೋತ್ಲಾದ ಬರಿ ನೆಲದ ಮೇಲೆ ಅವಳ ಬಲ ಅಂಗೈ, ಸಗಣಿಯಿಲ್ಲ, ಕೆಮ್ಮಣ್ಣಿಲ್ಲ, ಒಣ ದೂಳು, ಅಂಗೈ ಹೋಗಿ ಬಂತು, ಮಲಗಿದ ಮಗುವಿನಷ್ಟು ಜಾಗ, ಹೋಗಿ ಬಂತು, ಎಲ್ಲರೂ ನೋಡುತ್ತಿದ್ದಾರೆ, ಅವಳು ಮುಚ್ಚಿಡುತ್ತಿಲ್ಲ, ಅಂಗೈ, ಹೋಗಿ ಬಂತು, ಅಂಗೈ